ಕ್ರೂಸರ್ ಬೈಕಿನ ಚೈನ್ ಕಟಕಟ ಅನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು ಹಳೇ ಕಾಲದ ನೋಟದ 350 ಸಿಸಿ ಕ್ರೂಸರ್. ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಕೆಳಗಿನಿಂದ ಕಟಕಟ ಸದ್ದು, ಜೊತೆಗೆ ಸಣ್ಣ ಜಗ್ಗಾಟ. ಹೋದ ವಾರ ತಾನೇ ಚೈನ್ ಬಿಗಿ ಮಾಡಿಸಿದ್ದೆ. ಇಂಜಿನ್ನೇ ಹೋಯ್ತಾ?

ಉತ್ತರ 1: ಗಾಬರಿ ಬೇಡ. ಮೊದಲು ಒಂದು ಗೇರ್ ಇಳಿಸಿ ನೋಡಿ. ಎಷ್ಟೇ ಟಾರ್ಕ್ (ಎಳೆಯುವ ಬಲ) ಇದ್ದರೂ ಒಂದೇ ಸಿಲಿಂಡರ್ ಅಲ್ವಾ, ತೀರಾ ಕಡಿಮೆ ಆರ್‌ಪಿಎಂನಲ್ಲಿ (ಇಂಜಿನ್ ತಿರುಗುವ ವೇಗ) ಎಳೆಸಿದರೆ ಒದ್ದಾಡುತ್ತದೆ.

ಉತ್ತರ 2: ಬಿಗಿ ಮಾಡಿದವರು ಒಂದೇ ಜಾಗದಲ್ಲಿ ನೋಡಿ ಬಿಟ್ಟಿರಬೇಕು. ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕೆಳಗಿನ ಚೈನನ್ನು ನಡುವೆ ಬೆರಳಿನಿಂದ ಎತ್ತಿ ನೋಡಿ. ನನ್ನ ಬೈಕಿನಲ್ಲಿ ಒಂದು ಕಡೆ ಜೋಲು, ಅರ್ಧ ಸುತ್ತು ತಿರುಗಿಸಿದರೆ ತಂತಿಯ ಹಾಗೆ ಬಿಗಿ! ಹಾಗಿದ್ದರೆ ಅತಿ ಬಿಗಿ ಇರುವ ಜಾಗದಲ್ಲೇ ಸಡಿಲ ಅಳೆಯಬೇಕು, ಎಷ್ಟು ಅಂತ ಮ್ಯಾನುಯಲ್‌ನಲ್ಲಿರುತ್ತದೆ. ವ್ಯತ್ಯಾಸ ಜಾಸ್ತಿ ಇದ್ದರೆ ಚೈನ್, ಎರಡೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಟ್ಟಿಗೇ ಬದಲಿಸಿ. ಸುಮ್ನೆ ಚೈನ್ ಒಂದನ್ನೇ ಹಾಕಿದರೆ ಹಳೇ ಹಲ್ಲು ಹೊಸದನ್ನೂ ತಿಂದುಹಾಕುತ್ತದೆ.

ಉತ್ತರ 3: ಓ-ರಿಂಗ್ ಚೈನಿಗೆ (ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರುವುದು) ತಂತಿ ಬ್ರಷ್ ಮಾತ್ರ ಹಾಕಬೇಡಿ. ಬೈಕ್ ಓಡಿಸಿ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ, ಇಂಜಿನ್ ಆಫ್ ಮಾಡಿ ಲ್ಯೂಬ್ (ಚೈನ್ ಎಣ್ಣೆ) ಹಾಕಿ.

ಪ್ರಶ್ನೆ ಕೇಳಿದವರು: ಗೇರ್ ಇಳಿಸಿದೆ, ಜಗ್ಗಾಟ ಹೋಯಿತು. ಕಟಕಟ ಇನ್ನೂ ಇದೆ. ನಾಳೆ ಚಕ್ರ ತಿರುಗಿಸಿ ನೋಡುತ್ತೇನೆ.