ಈ ವಾರದ ಸಮಸ್ಯೆ: ಬರಿದಾದ ತೊಟ್ಟಿಲಲಿ ನಗುತಿತ್ತು ಕೂಸು

ಮಡಿಕೇರಿಯಿಂದ:

ಈ ಸಲದ ಸಮಸ್ಯೆ ನನ್ನದು. ಕೊನೆಯ ಸಾಲು ಮೇಲಿದೆ, ಮೊದಲ 3 ಸಾಲು ನೀವು ಕಟ್ಟಿ ಪದ್ಯ ತುಂಬಬೇಕು, ಅದೇ ಪೂರಣ. ಸಾಲಿಗೆ 5 ಮಾತ್ರೆಯ 3 ಗಣ, ಕೊನೆಗೆ 3 ಮಾತ್ರೆ. ಎರಡನೇ ಅಕ್ಷರ ರಕಾರ, ಅದರ ಹಿಂದೆ ಲಘು. ತೊಟ್ಟಿಲು ಬರಿದು, ಆದರೂ ಕೂಸು ನಗುತ್ತಿದೆ. ಈ ಗಂಟು ಬಿಡಿಸಿ.

ಒಂದೇ ಕೋರಿಕೆ, ಸುಮ್ನೆ ಚಮತ್ಕಾರ ಬೇಡ. ನಮ್ಮ ಅಕ್ಕ ಕಳೆದುಕೊಂಡ ಮಗುವಿನ ತೊಟ್ಟಿಲು ಇನ್ನೂ ಅಟ್ಟದ ಮೇಲಿದೆ. ಮೇಲೆ ಕಾಫಿ ಗೋಣಿಚೀಲ ಹೊದಿಸಿದೆ. ಹಗ್ಗದ ತುದಿಯನ್ನು ಇಲಿ ಕಡಿದಿದೆ. ಯಾರು ಕೇಳಿದರೂ ಅವಳು ಕೊಟ್ಟಿಲ್ಲ.

ಸೋಮವಾರಪೇಟೆಯಿಂದ:

ಇರುಳೆಲ್ಲ ಜಡಿಮಳೆಯು ಹಂಚ ಬಡಿದಿರಲು
ಅರೆನಿದ್ದೆಯಲಿ ತಾಯಿ ಹಗ್ಗ ತೂಗಿದಳು
ತೆರೆದ ಕಣ್ಣಿಗೆ ಇಲ್ಲ, ಮುಚ್ಚಿದರೆ ಮತ್ತೆ
ಬರಿದಾದ ತೊಟ್ಟಿಲಲಿ ನಗುತಿತ್ತು ಕೂಸು

ಸಾರ್, ನಿಮ್ಮ ಅಕ್ಕನ ವಿಷಯ ಓದಿದ ಮೇಲೆ ಬೇರೆ ಏನೂ ತೋಚಲಿಲ್ಲ.

ವಿರಾಜಪೇಟೆಯಿಂದ:

ಮೂರನೇ ಸಾಲು ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ‘ಮತ್ತೆ’ ಅಂತ ಸಾಲು ನಿಲ್ಲುತ್ತದಲ್ವಾ, ಅಲ್ಲಿ ಉಸಿರೂ ನಿಲ್ಲುತ್ತದೆ.

ಸಿದ್ದಾಪುರದಿಂದ:

ನನಗೆ ‘ಬರಿದಾದ’ ಅನ್ನುವ ಮಾತಿನಲ್ಲಿ ದಾರಿ ಕಂಡಿತು. ಅದು ಹಿಂದೆ ಆಗಿಹೋದದ್ದು. ಇವತ್ತೂ ಬರಿದಾಗಿಯೇ ಇರಬೇಕು ಅಂತೇನಿಲ್ಲ. (ಹೂಮಳೆ ಅಂದರೆ ಕಾಫಿ ಹೂವು ಅರಳಿಸುವ ಮಳೆ, ಲೈನ್‌ಮನೆ ಅಂದರೆ ತೋಟದ ಕೂಲಿಯವರ ಸಾಲುಮನೆ.)

ಸುರಿದ ಹೂಮಳೆ ನಿಂತು ಕಾಫಿ ಹೂವರಳೆ
ಮರದಡಿಯಲಳುತಿದ್ದ ಲೈನ್‌ಮನೆಯ ಮಗುವ
ಕರೆತಂದಳಾ ತಾಯಿ, ನಾಕು ಮಳೆಗಾಲ
ಬರಿದಾದ ತೊಟ್ಟಿಲಲಿ ನಗುತಿತ್ತು ಕೂಸು

ವಿರಾಜಪೇಟೆಯಿಂದ:

ಪೂರಣ ಬಹಳ ಚೆನ್ನಾಗಿದೆ ಮೇಡಂ. ಇನ್ನೊಬ್ಬಳ ಮಗು ಬಂತು, ಆದರೆ ಹೋದ ಮಗುವಿನ ಜಾಗಕ್ಕೆ ಬಂತು ಅಂತ ನೀವು ಹೇಳಲಿಲ್ಲ. ಅದು ಮುಖ್ಯ. ಮೊದಲ ಸಾಲಲ್ಲಿ ಮಾತ್ರ ಒಂದು ತಕರಾರು. ತೋಟದವರಿಗೆ ಗೊತ್ತು, ಮಳೆ ನಿಂತ ಕೂಡಲೇ ಹೂವು ಬರುವುದಿಲ್ಲ. ಮೊಗ್ಗು ಬಲಿತು ಬಿರಿಯಲು 8-10 ದಿನ ಬೇಕು. ಆ ಕಾಯುವಿಕೆ ಪದ್ಯದಲ್ಲಿ ಬರಬೇಡವೇ? ನಾಲ್ಕು ಮಳೆಗಾಲ ಕಾದವಳ ಕಥೆ ಇದು.

ಸಿದ್ದಾಪುರದಿಂದ:

ನಿಜ ಮೇಷ್ಟ್ರೇ. ಹೀಗೆ ತಿದ್ದಿದೆ:

ಸುರಿದ ಹೂಮಳೆಗೆಂಟು ದಿನಕೆ ಹೂವರಳೆ

‘ಕಾಫಿ’ ಬಿಟ್ಟುಹೋಯಿತು. ಹೂಮಳೆ ಅಂದರೆ ನಮ್ಮ ಕಡೆ ಯಾರಿಗೂ ಬೇರೆ ಹೂವು ನೆನಪಾಗುವುದಿಲ್ಲ, ನಡೆಯುತ್ತದೆ ಅಲ್ವಾ?

ವಿರಾಜಪೇಟೆಯಿಂದ:

ಧಾರಾಳವಾಗಿ. ಮಾತ್ರೆಯೂ ಸರಿಯಾಗಿದೆ.

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ರಾತ್ರಿ ಊಟ ಆದ ಮೇಲೆ ಎರಡೂ ಪದ್ಯ ಅಕ್ಕನಿಗೆ ಓದಿ ಹೇಳಿದೆ. ಹೂಮಳೆಯ ಪದ್ಯ ಕೇಳಿ ತಲೆಯಾಡಿಸಿದಳು. ಆಮೇಲೆ, ಆ ಅರೆನಿದ್ದೆಯದ್ದು ಇನ್ನೊಂದು ಸಲ ಓದು ಅಂದಳು. ಓದಿದೆ. ಬೆಳಗ್ಗೆ ಎದ್ದು ನೋಡಿದರೆ ಅಟ್ಟದ ಏಣಿ ಗೋಡೆಗೆ ಒರಗಿಸಿತ್ತು, ಗೋಣಿಚೀಲ ಜಗಲಿಯ ಬಿಸಿಲಲ್ಲಿ ಒಣಗುತ್ತಿತ್ತು.