ನಾಯಿಮರಿಗೂ ಪಾರ್ವೋ, ಮಗಳಿಗೂ ಪಾರ್ವೋ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಸರಸ್ವತಿಪುರಂ, ಮೈಸೂರು:
ನಮ್ಮ ಮೂರು ತಿಂಗಳ ನಾಯಿಮರಿ ಹೋದ ವಾರ ಪಾರ್ವೋ ಎಂಬ ವೈರಸ್ ಸೋಂಕು ಬಂದು ತೀರಿಹೋಯಿತು. ಒಂದೇ ಲಸಿಕೆ ಆಗಿತ್ತು. ಮೂರು ದಿನ ವಾಂತಿ, ರಕ್ತಭೇದಿ. ಆ ಸಂಕಟವೇ ಆರಿಲ್ಲ, ಈಗ ಆರು ವರ್ಷದ ಮಗಳ ಎರಡೂ ಕೆನ್ನೆ ಯಾರೋ ಹೊಡೆದ ಹಾಗೆ ಕೆಂಪಗಾಗಿದೆ. ತೋಳಿನ ಮೇಲೆ ಬಲೆ ಬಿಡಿಸಿದಂತೆ ಗಂಧೆ. ಮಕ್ಕಳ ಡಾಕ್ಟರು ಪಾರ್ವೋ ಬಿ19 ಎಂದರು. ನಾನು ನಾಲ್ಕು ತಿಂಗಳ ಬಸುರಿ. ನಾಯಿಯಿಂದಲೇ ಬಂದಿದ್ದು ಅಂತ ಅತ್ತೆ ಹೇಳುತ್ತಿದ್ದಾರೆ. ಹೌದಾ? ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದೇನೆ. ಇನ್ನೇನು ಮಾಡಬೇಕು?

ಮಂಡ್ಯ, ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ:
ಮೇಡಂ, ಮರಿಯದು ಏನೂ ತಪ್ಪಿಲ್ಲ. ನಾಯಿಯ ಪಾರ್ವೋ ಮನುಷ್ಯರಿಗೆ ಬರುವುದಿಲ್ಲ. ನಿಮ್ಮ ಮಗಳದ್ದು ನಾಯಿಗೂ ಹೋಗುವುದಿಲ್ಲ. ಎರಡೂ ಒಂದೇ ಮನೆತನ, ಆದರೆ ಒಲೆ ಬೇರೆ ಬೇರೆ.

ವೈರಸ್‌ಗಳನ್ನು ಅವು ತರುವ ಕಾಯಿಲೆ ನೋಡಿ ವಿಂಗಡಿಸುವುದಿಲ್ಲ. ಒಳಗೆ ಡಿಎನ್‌ಎ ಇದೆಯೋ ಆರ್‌ಎನ್‌ಎ ಇದೆಯೋ, ಒಂದೆಳೆಯೋ ಎರಡೆಳೆಯೋ, ಹೊರಗೆ ಕೊಬ್ಬಿನ ಹೊದಿಕೆ ಉಂಟೋ ಇಲ್ಲವೋ ಎಂದು ನೋಡುತ್ತಾರೆ. 1971ರಲ್ಲಿ ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿ ಮಾಡಿದ ಗುಂಪುಗಳಲ್ಲಿ ಪಾರ್ವೋಗಳು ಎರಡನೆಯದಕ್ಕೆ ಸೇರುತ್ತವೆ. ಒಂದೆಳೆ ಡಿಎನ್‌ಎ, ಹೊದಿಕೆ ಇಲ್ಲ. ಪಾರ್ವಸ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟದು. ಕೊರೊನಾ ವೈರಸ್ ಸುಮಾರು 100 ನ್ಯಾನೋಮೀಟರ್ ಇದ್ದರೆ ಇದು ಬರೀ 25ರ ಆಸುಪಾಸು.

ಈ ಪುಟ್ಟತನದಲ್ಲೇ ಎಲ್ಲ ಇದೆ. ಬಿ19ರ ಇಡೀ ಡಿಎನ್‌ಎ ಸುಮಾರು 5,600 ಅಕ್ಷರ. ಡಿಎನ್‌ಎ ನಕಲು ಮಾಡುವ ಸಾಮಾನು ಅದರ ಹತ್ತಿರ ಇಲ್ಲ. ಅದಕ್ಕೇ ಒಡೆದು ಎರಡಾಗುತ್ತಿರುವ ಜೀವಕೋಶವೇ ಅದಕ್ಕೆ ಬೇಕು. ಮರಿಯಲ್ಲಿ ಅಂಥ ಜಾಗ ಕರುಳಿನ ಒಳಪದರ. ಅದು ಹಾಳಾಗಿಯೇ ರಕ್ತಭೇದಿ ಆಗುವುದು. ಬಿ19ಗೆ ಬೇಕಾದದ್ದು ನಮ್ಮ ಮೂಳೆಮಜ್ಜೆಯಲ್ಲಿ ಹುಟ್ಟುತ್ತಿರುವ ಎಳೆಯ ಕೆಂಪು ರಕ್ತಕಣ. ಆ ಕಣಗಳ ಮೇಲೆ ಪಿ ಆಂಟಿಜೆನ್ ಅಂತ ಒಂದು ಹಿಡಿ ಇರುತ್ತದೆ, ಸೋಂಕು ತಗುಲಲು ಬಿ19ಗೆ ಅದು ಬೇಕು. ನಾಯಿಯ ವೈರಸ್ ಹಿಡಿಯುವುದು ಬೇರೆ ಹಿಡಿಯನ್ನು. ವಿಂಗಡಣೆಯಲ್ಲೂ ಬಿ19 ಎರಿತ್ರೋಪಾರ್ವೋ ಎಂಬ ಕವಲಿನಲ್ಲಿದೆ, ನಾಯಿಯದು ಪ್ರೋಟೋಪಾರ್ವೋದಲ್ಲಿ, ಬೆಕ್ಕಿನ ವೈರಸ್ಸಿನ ಪಕ್ಕ.

ಹೆಸರಿನ ಬಗ್ಗೆ ಗಾಬರಿ ಬೇಡ. 1975ರಲ್ಲಿ ಲಂಡನ್ನಿನಲ್ಲಿ ಇವೋನ್ ಕೊಸಾರ್ಟ್ ಎಂಬ ವಿಜ್ಞಾನಿ ಹೆಪಟೈಟಿಸ್ ಬಿ ಹುಡುಕಲು ರಕ್ತದ ಮಾದರಿ ನೋಡುವಾಗ ಸಿಕ್ಕಿದ್ದು ಇದು. ಬಿ ಗುಂಪಿನ 19ನೇ ಮಾದರಿ. ಅಷ್ಟೇ ಆ ಹೆಸರಿನ ಕಥೆ.

ಇನ್ನೊಂದು ಮಾತು. ಕೆನ್ನೆ ಕೆಂಪಾಗುವ ಹೊತ್ತಿಗೆ ಹರಡುವ ಕಾಲ ಮುಗಿದಿರುತ್ತದೆ. ಹರಡುವುದು ಅದಕ್ಕೂ ಮೊದಲು, ನೋಡಿದರೆ ಸುಮ್ನೆ ನೆಗಡಿ ಜ್ವರ ಅನ್ನಿಸುವಾಗ. ಈಗ ಮಗುವನ್ನು ದೂರ ಇಟ್ಟು ಪ್ರಯೋಜನ ಇಲ್ಲ. ಆದರೆ ನಿಮ್ಮ ರಕ್ತ ಪರೀಕ್ಷೆ ಮಾತ್ರ ತಡ ಮಾಡಬೇಡಿ.

ಕುವೆಂಪುನಗರ, ಮೈಸೂರು:
ನನಗೆ ಇದೇ ಆಗಿತ್ತು. ಐದನೇ ತಿಂಗಳು. ನಾನು ಪ್ರೈಮರಿ ಸ್ಕೂಲ್ ಟೀಚರ್, ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳ ಕೆನ್ನೆ ಕೆಂಪಾಗಿತ್ತು. ನನಗೆ ಗಂಧೆ ಏಳಲಿಲ್ಲ. ಬೆಳಗ್ಗೆ ಎದ್ದರೆ ಬೆರಳಿನ ಗಿಣ್ಣುಗಳು ಊದಿಕೊಂಡು ಮಡಚಲು ಆಗುತ್ತಿರಲಿಲ್ಲ. ಅಕ್ಕಿ ರೊಟ್ಟಿ ತಟ್ಟಲು ಕೂತರೆ ಅಂಗೈ ಒತ್ತಲು ಆಗದೆ ಕಣ್ಣಲ್ಲಿ ನೀರು. ಎಲ್ಲರೂ ಚಿಕುನ್‌ಗುನ್ಯಾ ಅಂದರು. ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಬಿ19 ಹೀಗೆ ಕೀಲುನೋವಾಗಿ ಬರುವುದು ಜಾಸ್ತಿಯಂತೆ.

ಪರೀಕ್ಷೆಯಲ್ಲಿ ಸೋಂಕಿನ ವಿರುದ್ಧ ನಮ್ಮ ಮೈ ತಯಾರಿಸುವ ಎರಡು ಪ್ರತಿಕಾಯಗಳನ್ನು ನೋಡುತ್ತಾರೆ, ಐಜಿಜಿ ಮತ್ತು ಐಜಿಎಂ. ಐಜಿಜಿ ಮಾತ್ರ ಇದ್ದರೆ ಹಿಂದೆಂದೋ ಬಂದು ಹೋಗಿದೆ, ಚಿಂತೆ ಇಲ್ಲ. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹಾಗೆ ಬಂದು ಹೋಗಿರುತ್ತದೆ. ಎರಡೂ ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ನನಗೆ ಐಜಿಎಂ ಬಂತು, ಅಂದರೆ ಹೊಸ ಸೋಂಕು. ಹೊಟ್ಟೆಯಲ್ಲಿರುವ ಮಗುವಿನ ಕೆಂಪುಕಣ ಹುಟ್ಟುವುದು ನಿಂತರೆ ರಕ್ತಹೀನತೆಯಾಗಿ ರಕ್ತ ತೆಳುವಾಗುತ್ತದೆ, ಮೈಯಲ್ಲಿ ನೀರು ತುಂಬಿಕೊಳ್ಳಬಹುದು. 20 ವಾರದೊಳಗೆ ಅಪಾಯ ಜಾಸ್ತಿ. ಅದಕ್ಕೆ ನನಗೆ ಹನ್ನೆರಡು ವಾರ ಮೇಲಿಂದ ಮೇಲೆ ಸ್ಕ್ಯಾನಿಂಗ್ ಆಯಿತು. ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ. ರಕ್ತ ತೆಳುವಾದರೆ ವೇಗ ಏರುತ್ತದೆ. ಅಗತ್ಯ ಬಿದ್ದರೆ ಹೊಟ್ಟೆಯೊಳಗಿನ ಮಗುವಿಗೇ ರಕ್ತ ಕೊಡುವ ದಾರಿ ಇದೆ. ನನಗೆ ಅದು ಬೇಕಾಗಲಿಲ್ಲ. ನನ್ನ ಮಗನಿಗೆ ಈಗ ಮೂರು ವರ್ಷ. ಸೋಂಕು ತಗುಲಿದ ಬಸುರಿಯರಲ್ಲೂ ಹೆಚ್ಚಿನವರಿಗೆ ಮಗು ಚೆನ್ನಾಗಿಯೇ ಹುಟ್ಟುತ್ತದೆ, ಧೈರ್ಯವಾಗಿರಿ.

ಎಚ್.ಡಿ. ಕೋಟೆ:
ಬಸುರಿಯರಷ್ಟೇ ಎಚ್ಚರ ಸಿಕಲ್ ಸೆಲ್ (ಕೆಂಪುಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮನೆಯವರಿಗೂ ಬೇಕು. ನಮ್ಮ ಕಡೆ ಆದಿವಾಸಿಗಳ ಹಾಡಿಗಳಲ್ಲಿ ಇದು ಇದೆ. ನನ್ನ ಮಗನಿಗೂ ಇದೆ. ಸಾಮಾನ್ಯ ಕೆಂಪುಕಣ 120 ದಿನ ಬಾಳುತ್ತದೆ, ಇವನದು ಇಪ್ಪತ್ತು ದಿನವೂ ಇಲ್ಲ. ಬಿ19 ಬಂದು ಒಂದು ವಾರ ಹತ್ತು ದಿನ ಹೊಸ ಕಣ ಹುಟ್ಟುವುದು ನಿಂತರೆ ಬೇರೆ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಇವನ ಹಿಮೋಗ್ಲೋಬಿನ್ ಎಂಟರಿಂದ ನಾಲ್ಕಕ್ಕೆ ಇಳಿಯಿತು. ಅಂಗೈ ಸುಣ್ಣದ ಹಾಗೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಮೈಸೂರಿಗೆ ಕರೆದುಕೊಂಡು ಹೋಗಿ ಎರಡು ಸಲ ರಕ್ತ ಹಾಕಿಸಿದ ಮೇಲೆ ಸುಧಾರಿಸಿದ. ಮೊದಲು ತೋರಿಸಿದ ಕಡೆ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದ್ದರು. ಸಿಕಲ್ ಸೆಲ್ ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡರೆ ಆವತ್ತೇ ರಕ್ತ ಪರೀಕ್ಷೆ ಮಾಡಿ ಅಂತ ಪಟ್ಟು ಹಿಡಿಯಿರಿ.

ಮಂಡ್ಯ, ಎರಡು ಮರಿ ಕಳೆದುಕೊಂಡವನು:
ಅಕ್ಕ, ಮರಿ ಇದ್ದ ಜಾಗದ ಬಗ್ಗೆ ಹೇಳುತ್ತೇನೆ. ಹೊದಿಕೆ ಇಲ್ಲದ ವೈರಸ್ ಅಂತ ಮೇಲೆ ಸರ್ ಬರೆದಿದ್ದಾರಲ್ವಾ, ಅದಕ್ಕೇ ಹೊದಿಕೆ ಕೆಡಿಸಿ ಕೆಲಸ ಮಾಡುವ ಸ್ಯಾನಿಟೈಸರ್, ಫಿನಾಯಿಲ್ ನಂಬಬೇಡಿ. ನಾನು ಫಿನಾಯಿಲ್ ಹಾಕಿ ತೊಳೆದು, ತಿಂಗಳಿಗೆ ಇನ್ನೊಂದು ಮರಿ ತಂದೆ. ಅದೂ ಹೋಯಿತು. ಮೊದಲು ಗಲೀಜೆಲ್ಲ ಸೋಪಿನಲ್ಲಿ ತೊಳೆಯಬೇಕು. ಆಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಡಬೇಕು. ಈ ಕೆಲಸ ನೀವು ಮಾಡಬೇಡಿ, ಬಸುರಿಗೆ ಬ್ಲೀಚಿನ ವಾಸನೆ ಒಗ್ಗುವುದಿಲ್ಲ. ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಣ್ಣನ್ನು ತೊಳೆಯಲು ಆಗಲ್ಲ. ಮುಂದೆ ಮರಿ ತಂದರೆ ಲಸಿಕೆ ಆರೆಂಟು ವಾರಕ್ಕೆ ಶುರುಮಾಡಿ, 16 ವಾರದ ತನಕ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಿ. ತಾಯಿಹಾಲಿನಿಂದ ಬಂದ ರಕ್ಷಣೆ ಎಷ್ಟೋ ಸಲ ಮೊದಲ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಒಂದೇ ಲಸಿಕೆಯ ಮರಿ ಹೋಗಿದ್ದು ನಿಮ್ಮ ಅಜಾಗರೂಕತೆ ಅಂದುಕೊಳ್ಳಬೇಡಿ.

ಕೇಳಿದವರು, ಸರಸ್ವತಿಪುರಂ:
ಎಲ್ಲರಿಗೂ ಧನ್ಯವಾದ. ಇವತ್ತು ಸಂಜೆ ರಿಪೋರ್ಟ್ ಬಂತು. ಐಜಿಜಿ ಇದೆ, ಐಜಿಎಂ ಇಲ್ಲ. ನಮ್ಮ ಡಾಕ್ಟರಮ್ಮ ನೋಡಿ, ನಿಮಗೆ ಹಿಂದೆಯೇ ಬಂದು ಹೋಗಿದೆ ಎಂದರು. ಮಂಡ್ಯದ ಸರ್ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಹಿತ್ತಲಲ್ಲಿ ಮರಿಯ ಬಟ್ಟಲನ್ನು ಬ್ಲೀಚ್ ನೀರಿನಲ್ಲಿ ನೆನೆಹಾಕುತ್ತಿದ್ದರು. ಮಗಳು ನನ್ನ ಪಕ್ಕದಲ್ಲೇ ಮಲಗಿದ್ದಾಳೆ.