ಚಾರ್ಜ್‌ಬ್ಯಾಕ್ ಅಂದರೆ ‘ಮರುಪಾವತಿ’ಯೇ? ‘ಮುರಿದುಕೊಳ್ಳು’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಸಾಗರದ ಹತ್ತಿರ ನಮ್ಮೂರಲ್ಲಿ ಹತ್ತು ಜನ ಹೆಂಗಸರು ಸೇರಿ ಹಸೆ ಚಿತ್ತಾರದ ಚಿತ್ರ, ಚಿತ್ತಾರದ ಬುಟ್ಟಿ ಮಾಡಿ ಆನ್‌ಲೈನಲ್ಲಿ ಮಾರುತ್ತೇವೆ. ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಹೊರದೇಶದ ಆರ್ಡರ್ ಬಂದಾಗ ಏನೇನು ನೋಡಬೇಕು ಅಂತ ಗುಂಪಿನವರಿಗಾಗಿ ನಾಲ್ಕು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಾರ್ಜ್‌ಬ್ಯಾಕ್ (ಕಾರ್ಡಿನವರು ದೂರು ಕೊಟ್ಟಾಗ ಬ್ಯಾಂಕು ಮಾರಿದವರಿಂದ ದುಡ್ಡು ವಾಪಸ್ ತೆಗೆದುಕೊಳ್ಳುವುದು) ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನಮಗೆ ಆಗಿದ್ದು ಹೇಳಿದರೆ ಪದ ಹುಡುಕುವುದು ಸುಲಭ. ಕಳೆದ ಮಳೆಗಾಲದಲ್ಲಿ ಒಬ್ಬರೇ ಆರು ಚಿತ್ರ ಕೊಂಡರು. ಕಾರ್ಡಿನಲ್ಲಿ ದುಡ್ಡು ಬಂತು, ಚಿತ್ರ ಕಳಿಸಿದೆವು. ಎರಡು ತಿಂಗಳ ಮೇಲೆ, ಬೇರೆಯವರ ಆರ್ಡರಿನಿಂದ ನಮಗೆ ಬರಬೇಕಿದ್ದ ದುಡ್ಡಿನಲ್ಲಿ ಅಷ್ಟೂ ಕಡಿಮೆ ಬಂತು. ಅದು ಕದ್ದ ಕಾರ್ಡಂತೆ. ಕಾರ್ಡಿನವರು ‘ಇದು ನಾನು ಕೊಂಡಿದ್ದಲ್ಲ’ ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಆ ಬ್ಯಾಂಕು ನಮ್ಮ ಕಡೆಯ ಬ್ಯಾಂಕಿನಿಂದ ಹಣ ಎಳೆದುಕೊಂಡಿತು, ನಮ್ಮ ಕಡೆಯ ಬ್ಯಾಂಕು ನಮ್ಮ ಲೆಕ್ಕದಿಂದ ಎಳೆದುಕೊಂಡಿತು. ಚಿತ್ರವೂ ಹೋಯಿತು, ದುಡ್ಡೂ ಹೋಯಿತು. ಮೇಲೆ ದಂಡದ ಶುಲ್ಕ ಬೇರೆ. ಒಂದೊಂದು ಚಿತ್ರಕ್ಕೂ ವಾರಗಟ್ಟಲೆ ಕೂತವರಿಗೆ ಇದನ್ನು ಹೇಳುವಾಗ ನನಗೆ ತುಂಬಾ ಕಷ್ಟವಾಯಿತು.

ಮೊದಲು ನಾನು ‘ಮರುಪಾವತಿ’ ಅಂತ ಬರೆದಿದ್ದೆ. ಗುಂಪಿನ ಹಿರಿಯಕ್ಕ ಓದಿ, ‘ಇದು ಸಂಘದ ಸಾಲ ತೀರಿಸೋದಲ್ವಾ?’ ಅಂದರು. ಅವರು ಕೇಳಿದ್ದು ಸರಿ. ಸಾಲ ತೀರಿಸುವುದಕ್ಕೂ ಇದೇ ಪದ, ಅಂಗಡಿಯವರು ದುಡ್ಡು ವಾಪಸ್ ಕೊಡುವುದಕ್ಕೂ ಇದೇ ಪದ. ಎರಡರಲ್ಲೂ ಕೊಡುವವರು ತಾವಾಗಿ ಕೊಡುತ್ತಾರೆ. ಚಾರ್ಜ್‌ಬ್ಯಾಕಿನಲ್ಲಿ ನಾವು ಕೊಡುವುದಿಲ್ಲ, ನಮ್ಮಿಂದ ತೆಗೆದುಕೊಳ್ಳುತ್ತಾರೆ. ‘ಹಿಂಪಾವತಿ’ ಅಂದರೂ ಅದೇ ತೊಡಕು.

ನಮ್ಮ ಕಡೆ ಅಡಿಕೆ ಮಂಡಿಯ ಮಾತಿನಲ್ಲಿ ಒಂದು ಪದ ಇದೆ. ‘ಸಾಲಕ್ಕೆ ಮುರ್ಕಂಡು ಉಳಿದಿದ್ದು ಕೊಟ್ರು’ ಅನ್ನುತ್ತಾರೆ. ಸಂಬಳದಲ್ಲಿ ಮುಂಗಡ ಮುರಿದುಕೊಂಡರು ಅಂತಲೂ ಹೇಳುತ್ತೇವೆ. ಬರಬೇಕಾದ ದುಡ್ಡಿನಲ್ಲೇ ಹಿಡಿದುಕೊಳ್ಳುವುದು. ನಮಗೆ ಆಗಿದ್ದು ಇದೇ. ಆದರೆ ಮಂಡಿಯಲ್ಲಿ ಮುರಿದುಕೊಳ್ಳುವುದು ನಾವು ಒಪ್ಪಿ ತಂದ ಸಾಲಕ್ಕೆ. ಇಲ್ಲಿ ಮೂರನೆಯವರ ದೂರಿಗೆ. ಅದಕ್ಕೆ ‘ತಕರಾರು ಮುರಿತ’ ಅಂದರೆ ಹೇಗೆ? ಬರೀ ‘ಮುರಿತ’ ಅಂದರೆ ಮೂಳೆ ಮುರಿತವೇ ನೆನಪಾಗುತ್ತದೆ ಅನ್ನುವ ಅಳುಕಿದೆ. ‘ತಕರಾರು ಕಡಿತ’ವನ್ನೂ ಯೋಚಿಸಿದೆ. ‘ಕಡಿತ’ ಕೇಳಿದರೆ ಬೆಲೆ ಇಳಿಸಿದರು ಅಂದುಕೊಳ್ಳುವವರೇ ಜಾಸ್ತಿ.

ಪದಕ್ಕೆ ಇಷ್ಟು ಒದ್ದಾಡುವುದಕ್ಕೆ ಕಾರಣ ಇದೆ. ನಮ್ಮ ದೇಶದ ಕಾರ್ಡಿಗೆ ಓಟಿಪಿ ಕೇಳುವುದು ರೂಢಿ. ಹಾಗಾಗಿ ದುಡ್ಡು ಬಂತು ಅಂದರೆ ಕೆಲಸ ಮುಗಿಯಿತು ಅಂತ ನಮ್ಮವರು ನಂಬುತ್ತಾರೆ. ಹೊರದೇಶದ ಎಷ್ಟೋ ಕಾರ್ಡುಗಳಿಗೆ ಅದು ಇಲ್ಲದೆಯೂ ಹಣ ಬರುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಬಹಳಷ್ಟು ತಕರಾರಿಗೆ 120 ದಿನದ ಅವಕಾಶ ಇದೆ. ಅಷ್ಟು ದಿನ ಆ ದುಡ್ಡು ಪೂರ್ತಿ ನಮ್ಮದಲ್ಲ. ಕೊಂಡವರು 3ಡಿ ಸೆಕ್ಯೂರ್ (ಕಾರ್ಡು ಅವರದೇನಾ ಅಂತ ಕಾರ್ಡು ಕೊಟ್ಟ ಬ್ಯಾಂಕು ಓಟಿಪಿಯಂಥದ್ದು ಕೇಳಿ ನೋಡುವ ತಪಾಸಣೆ) ದಾಟಿ ಬಂದಿದ್ದರೆ, ಕದ್ದ ಕಾರ್ಡಿನ ನಷ್ಟ ಸಾಮಾನ್ಯವಾಗಿ ಕಾರ್ಡು ಕೊಟ್ಟ ಬ್ಯಾಂಕಿನ ಮೇಲೆ ಬೀಳುತ್ತದೆ. ಮೊದಲ ಸಲವೇ ದೊಡ್ಡ ಆರ್ಡರ್, ಕಾರ್ಡಿನ ದೇಶ ಒಂದು ಸರಕು ಹೋಗುವ ದೇಶ ಇನ್ನೊಂದು, ಒಂದಾದ ಮೇಲೊಂದು ಕಾರ್ಡು ಹಾಕಿ ನೋಡುವುದು, ಇಂಥವು ಕಂಡರೆ ಸರಕು ಕಟ್ಟುವ ಮೊದಲು ವಿಚಾರಿಸಬೇಕು. ಇದನ್ನೆಲ್ಲ ಪುಟದಲ್ಲಿ ಬರೆದಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಸರಕು ಕೈಗೆ ಸೇರಿದ ಮೇಲೂ ‘ಬಂದಿಲ್ಲ’ ಅಂತ ಬ್ಯಾಂಕಿಗೆ ಹೇಳುವವರಿದ್ದಾರೆ. ಇದಕ್ಕೆ ಇಂಗ್ಲಿಷಿನವರು ಫ್ರೆಂಡ್ಲಿ ಫ್ರಾಡ್ ಅನ್ನುತ್ತಾರೆ. ‘ಸ್ನೇಹದ ಮೋಸ’ ಅಂದರೆ ಅರ್ಥವೇ ತಿರುಗಿಬಿಡುತ್ತದೆ. ನಾನು ಸದ್ಯಕ್ಕೆ ‘ಕೊಂಡವರದೇ ಮೋಸ’ ಅಂತ ಬರೆದಿದ್ದೇನೆ.

ಹಳೇ ಮಂಡಿ ಲೆಕ್ಕದ ಪುಸ್ತಕ ನೋಡಿ ಬಲ್ಲವರು, ಅಲ್ಲಿ ‘ಮುರಿದುಕೊಳ್ಳು’ವಿಗೆ ಹೆಸರುಪದ ಏನಿತ್ತು ಅಂತ ದಯವಿಟ್ಟು ತಿಳಿಸಿ. ತೀರ್ಥಹಳ್ಳಿ, ಕೊಪ್ಪದ ಕಡೆ ಬೇರೆ ಮಾತಿದ್ದರೆ ಅದೂ ಬೇಕು. ದೀಪಾವಳಿ ಮುಗಿದ ಮೇಲೆ ಪುಟಗಳನ್ನು ಅಚ್ಚಿಗೆ ಕೊಡುತ್ತೇನೆ.